ಹೊಳೆಯಾಚೆಯ ರಸ್ತೆಗಳು

ಕರೂರು ಸೀಮೆಯ ರಸ್ತೆಗಳಲ್ಲಿ ಗಾಡಿ ಕಡಿಮೆ ಇದ್ದದ್ದಕ್ಕೆ ನೀರೇ ಕಾರಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಮುನ್ನೂರು ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿಕೊಂಡ ಮೇಲೆ, ಸಾಗರ ತಾಲ್ಲೂಕಿನ ಕರೂರು ಮತ್ತು ಭಾರಂಗಿ ಹೋಬಳಿಗಳು ಪೇಟೆಯಿಂದ ಕಡಿದುಹೋದವು. ಒಂದು ಕಡೆ ಘಟ್ಟದ ಅಂಚು, ಉಳಿದ ಕಡೆಯೆಲ್ಲ ಹಿನ್ನೀರು. ಸಾಗರಕ್ಕೆ ಹೋಗಬೇಕಾದರೆ ಕಳಸವಳ್ಳಿಗೆ ಬಂದು, ಲಾಂಚ್ ಹತ್ತಿ, ಅಂಬಾರಗೊಡ್ಲು ದಡದಲ್ಲಿ ಇಳಿಯಬೇಕಿತ್ತು. ಇಲ್ಲವೇ ಕಾಡುದಾರಿಯಲ್ಲಿ ಬಹುದೂರ ಸುತ್ತಬೇಕಿತ್ತು.

ಲಾಂಚಿನಲ್ಲಿ ಎಷ್ಟು ಗಾಡಿ ಹಿಡಿಸುತ್ತದೋ ಅಷ್ಟೇ ಗಾಡಿ ಈಚೆ ದಡಕ್ಕೆ ಇಳಿಯುತ್ತಿತ್ತು. ಲಾಂಚ್ ಬಂದು ನಿಂತ ಹತ್ತು ನಿಮಿಷ ರಸ್ತೆಯಲ್ಲಿ ಧೂಳು, ಹಾರನ್ನು. ಆಮೇಲೆ ಮುಂದಿನ ಲಾಂಚ್ ಬರುವವರೆಗೆ ಯಾರೂ ಇಲ್ಲ. ಸೈಕಲ್ಲಿನವರಾದ ನಾವು ಎಲ್ಲರಿಗಿಂತ ಕೊನೆಗೆ ಇಳಿಯುತ್ತಿದ್ದೆವು. ಬಸ್ಸು, ಜೀಪು ಮುಂದೆ ಹೋಗಿ ಧೂಳು ಕೂತ ಮೇಲೆ ಪೆಡಲ್ ತುಳಿದರೆ ತುಮರಿಯ ತನಕ ಹಿಂದಿನಿಂದ ಹಾರನ್ನು ಕೇಳುತ್ತಿರಲಿಲ್ಲ. ಎಂಬತ್ತರ ದಶಕದ ಮಾತು ಇದು. ಸೈಕಲ್ ಸವಾರರಿಗೆ ಹೇಳಿ ಮಾಡಿಸಿದ ರಸ್ತೆಗಳು ಎಂದು ಈಗ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅವನ್ನು ಯಾರೂ ಯಾರಿಗೋಸ್ಕರವೂ ಹಾಗೆ ಮಾಡಿರಲಿಲ್ಲ.

ಆ ರಸ್ತೆಗಳ ಏರಿಳಿತಕ್ಕೂ ಮುಳುಗಡೆಗೂ ಸಂಬಂಧವಿದೆ. ಹಿಂದಿನ ಗಾಡಿದಾರಿಗಳು ಹೊಳೆಯ ಪಕ್ಕದ ಬಯಲಿನಲ್ಲಿ, ಗದ್ದೆಗಳ ಅಂಚಿನಲ್ಲಿ ಸಾಗುತ್ತಿದ್ದವು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎತ್ತಿಗೆ ಕಡಿದಾದ ಚಡಾವು ಆಗದು, ಹಾಗಾಗಿ ದಾರಿಯೇ ಗುಡ್ಡವನ್ನು ಬಳಸಿಕೊಂಡು ಹೋಗುತ್ತಿತ್ತಂತೆ. ನೀರು ನಿಂತಾಗ ಮೊದಲು ಮುಳುಗಿದ್ದು ಆ ತಗ್ಗಿನ ದಾರಿಗಳು. ಜನ ಮೇಲಕ್ಕೆ ಸರಿದು ಮನೆ ಕಟ್ಟಿಕೊಂಡರು, ದಾರಿಯೂ ಅವರ ಹಿಂದೆ ಗುಡ್ಡ ಹತ್ತಿತು. ಈಗಲೂ ಅಲ್ಲಿ ಸಪಾಟು ನೆಲದಲ್ಲಿ ಒಂದು ಕಿಲೋಮೀಟರ್ ತುಳಿಯುವುದು ಕಷ್ಟ. ಹಿನ್ನೀರು ಬೆರಳುಗಳಂತೆ ಕಣಿವೆಯೊಳಗೆ ಚಾಚಿಕೊಂಡಿದೆ. ಒಂದೊಂದು ಬೆರಳನ್ನೂ ಸುತ್ತಿ, ಹಳ್ಳದ ಸಂಕ ದಾಟಿ, ಮತ್ತೆ ಮೇಲೆ ಹತ್ತಬೇಕು. ಎದುರಿಗೆ ಕೂಗಿದರೆ ಕೇಳುವಷ್ಟು ಹತ್ತಿರದ ಮನೆಗೆ ಸೈಕಲ್ಲಿನಲ್ಲಿ ಅರ್ಧ ತಾಸಿನ ದಾರಿ.

ಅಪ್ಪನದು ಗೇರಿಲ್ಲದ ಕರಿ ಸೈಕಲ್ಲು, ಇಪ್ಪತ್ತು ಕಿಲೋಗೂ ಹೆಚ್ಚು ತೂಕ. ಅದರಲ್ಲಿ ಏರು ಹತ್ತುವುದೆಂದರೆ ಇಳಿದು ತಳ್ಳುವುದೇ. ಎಡಗೈ ಹ್ಯಾಂಡಲ್ಲಿಗೆ, ಬಲಗೈ ಸೀಟಿಗೆ, ಕ್ಯಾರಿಯರಿನಲ್ಲಿ ಅಕ್ಕಿ ಚೀಲವೋ ಹಿಂಡಿ ಚೀಲವೋ. ನಿಜವಾದ ಕಷ್ಟ ಇಳಿಜಾರಿನದು. ಹ್ಯಾಂಡಲ್ಲಿನಿಂದ ಇಳಿದ ಕಬ್ಬಿಣದ ಸರಳು ಎರಡು ರಬ್ಬರ್ ತುಂಡುಗಳನ್ನು ರಿಮ್ಮಿನ ಒಳಮೈಗೆ ಎಳೆದು ಒತ್ತಬೇಕು, ಅದೇ ಬ್ರೇಕು. ಮಳೆಗಾಲದಲ್ಲಿ ರಿಮ್ಮು ನೆನೆದರೆ ರಬ್ಬರ್ ಜಾರುತ್ತಿತ್ತು. ಆಗ ಬಲಗಾಲನ್ನು ಎತ್ತಿ ಹವಾಯಿ ಚಪ್ಪಲಿಯ ಅಟ್ಟೆಯನ್ನು ಮುಂದಿನ ಟೈರಿಗೆ ಮೆಲ್ಲಗೆ ಒತ್ತುತ್ತಿದ್ದೆವು. ಜೋರಾಗಿ ಒತ್ತಿದರೆ ಕಾಲು ಒಳಕ್ಕೆ ಸೆಳೆದುಕೊಂಡು ಸೈಕಲ್ಲು ಮಗುಚುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲರ ಬಲಗಾಲಿನ ಚಪ್ಪಲಿಯ ನಡುವೆ ಟೈರಿನ ಅಗಲಕ್ಕೆ ಒಂದು ಗುಳಿ ಬಿದ್ದಿರುತ್ತಿತ್ತು. ಯಾರ ಮನೆ ಜಗಲಿಯ ಕೆಳಗೆ ಅಂಥ ಚಪ್ಪಲಿ ಕಂಡರೂ ಅವರ ಮನೆಯಲ್ಲಿ ಸೈಕಲ್ಲಿದೆ ಎಂದು ತಿಳಿಯುತ್ತಿತ್ತು.

ವಾಹನ ಕಡಿಮೆ ಎಂದೆ. ಆದರೆ ರಸ್ತೆ ಖಾಲಿ ಇರಲಿಲ್ಲ. ಬೆಳಿಗ್ಗೆ ಏಳರಿಂದಲೇ ಶಾಲೆ ಮಕ್ಕಳು ಸಾಲಾಗಿ ನಡೆಯುತ್ತಿದ್ದರು. ಒಣ ಎಲೆಯ ದರಕು ತುಂಬಿದ ಹಗ್ಗದ ಕಲ್ಲಿ ಹೊತ್ತ ಹೆಂಗಸರು, ಜಾನುವಾರು ಹೊಡೆದುಕೊಂಡು ಹೋಗುವವರು, ಲಾಂಚ್ ತಪ್ಪೀತು ಎಂದು ಓಡುವವರು ಎಲ್ಲ ಅಲ್ಲೇ. ತಿರುವಿಗೆ ಮೊದಲು ಬೆಲ್ ಹೊಡೆಯುವುದು ಜೀಪಿಗೆ ಹೆದರಿ ಅಲ್ಲ, ಆಚೆ ಯಾರಾದರೂ ಹೊರೆ ಹೊತ್ತು ಬರುತ್ತಿರಬಹುದು ಎಂದು. ಐದು ಮೈಲಿ ಹೋಗುವಷ್ಟರಲ್ಲಿ ಹತ್ತು ಕಡೆ ಕಾಲೂರಿ ನಿಲ್ಲಬೇಕಾಗುತ್ತಿತ್ತು. ಯಾರ ಮನೆಯವನು, ಎಲ್ಲಿಗೆ ಹೊರಟೆ, ಪೇಟೆಯಿಂದ ಬರುವಾಗ ಒಂದು ಪೊಟ್ಟಣ ಬೀಡಿ ತಂದುಕೊಡು. ಇಷ್ಟೆಲ್ಲ ಆದ ಮೇಲೆಯೇ ಮುಂದಕ್ಕೆ.

ಇದನ್ನೆಲ್ಲ ಬರೆಯುವಾಗ ಆ ದಿನಗಳು ಚೆನ್ನಾಗಿದ್ದವು ಎಂಬ ಧ್ವನಿ ಬಂದುಬಿಟ್ಟೀತು. ಚೆನ್ನಾಗಿರಲಿಲ್ಲ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹಾವು ಕಚ್ಚಿದರೂ ಹೆರಿಗೆ ನೋವು ಬಂದರೂ ದಡದಲ್ಲಿ ನಿಂತು ಆಚೆಗೆ ಕೂಗಬೇಕಿತ್ತು. ಒಳಗಿನ ಹಳ್ಳಿಗಳಿಂದ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ರಸ್ತೆಗೆ ತರುತ್ತಿದ್ದರು. ಮುಂಗಾರು ತಡವಾದ ವರ್ಷಗಳಲ್ಲಿ ಹಿನ್ನೀರು ಇಳಿದು ಲಾಂಚ್ ದಡ ಮುಟ್ಟುವುದೇ ಕಷ್ಟವಾಗಿ ವಾಹನ ಹತ್ತಿಸುವುದನ್ನು ನಿಲ್ಲಿಸಿಬಿಡುತ್ತಿದ್ದರು. ಹೆಣ್ಣು ಕೊಡುವವರು ಹೊಳೆಯಾಚೆಗಾ ಎಂದು ಹಿಂದೆಮುಂದೆ ನೋಡುತ್ತಿದ್ದರು. ನನಗೆ ಅಷ್ಟು ಇಷ್ಟವಾಗಿದ್ದ ರಸ್ತೆಯ ನಿಶ್ಶಬ್ದಕ್ಕೆ ಈ ಜನ ಅರವತ್ತು ವರ್ಷ ಬೆಲೆ ತೆತ್ತಿದ್ದಾರೆ. ಸೇತುವೆ ಬೇಕು ಎಂದು ಅವರು ಹೋರಾಡಿದ್ದು ನೂರಕ್ಕೆ ನೂರು ಸರಿ.

ಸೇತುವೆ ಬಂತು. 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್, ನಡುವಿನ ಭಾಗವನ್ನು ದಪ್ಪ ಕೇಬಲ್‌ಗಳು ಹಿಡಿದಿವೆ. ಲಾಂಚಿಗೆ ಕಾದು ಕೂರುತ್ತಿದ್ದ ದಾರಿಯನ್ನು ಸೈಕಲ್ಲು ಹತ್ತು ನಿಮಿಷಕ್ಕೂ ಮೊದಲೇ ದಾಟಿಸುತ್ತದೆ. ಮಳೆಗಾಲದಲ್ಲಿ ಮಾತ್ರ ನೈಋತ್ಯದ ಗಾಳಿ ಬಯಲು ನೀರಿನ ಮೇಲೆ ತಡೆಯಿಲ್ಲದೆ ಬಂದು ಪಕ್ಕಕ್ಕೆ ಬಡಿಯುತ್ತದೆ, ಹ್ಯಾಂಡಲ್ ಗಟ್ಟಿ ಹಿಡಿಯಬೇಕು. ಬೆಳಿಗ್ಗೆ ಆರಕ್ಕೆ ಹೋದರೆ ಸೇತುವೆ ಸುಖ. ಒಂಬತ್ತಕ್ಕೆ ಹೋಗಬಾರದು. ಸಿಗಂದೂರು ಚೌಡೇಶ್ವರಿಗೆ ಮೊದಲೂ ಭಕ್ತರು ಕಡಿಮೆ ಇರಲಿಲ್ಲ, ಆದರೆ ಅವರನ್ನು ಲಾಂಚ್ ಕಂತು ಕಂತಾಗಿ ಬಿಡುತ್ತಿತ್ತು. ಈಗ ಆ ಕಂತು ಇಲ್ಲ. ಮಂಗಳವಾರ, ಶುಕ್ರವಾರ, ರಜಾದಿನ ಕಾರುಗಳು ಒಂದರ ಹಿಂದೊಂದು. ಕಳಸವಳ್ಳಿಯಿಂದ ಸಿಗಂದೂರಿನವರೆಗಿನ ದಾರಿ ಸೈಕಲ್ಲಿನವರ ಕೈಬಿಟ್ಟಿತು ಎಂದೇ ಲೆಕ್ಕ. ಅದಕ್ಕೆ ನನ್ನ ತಕರಾರಿಲ್ಲ.

ನನ್ನ ಅತ್ತಿಗೆ ಹೊಳೆಯಾಚೆಯ ನಮ್ಮ ಊರಲ್ಲೇ ಇದ್ದಾರೆ. ಕಳೆದ ಸಲ ಹೋದಾಗ ರಸ್ತೆಯ ಗಲಾಟೆಯ ಬಗ್ಗೆ ಕೇಳಿದೆ. "ಗಲಾಟೆ ಹೌದು. ಆದ್ರೆ ರಾತ್ರಿ ಹನ್ನೊಂದಕ್ಕೆ ನಿನ್ನ ಅಣ್ಣಂಗೆ ಎದೆನೋವು ಬಂದಾಗ ಹನ್ನೆರಡೂವರೆಗೆ ಸಾಗರದ ಆಸ್ಪತ್ರೆಲಿದ್ವಿ" ಅಂದರು. ಮತ್ತೆ ಅಡುಗೆಮನೆಗೆ ಹೋಗಿ ನನಗೆ ಇನ್ನೆರಡು ದೋಸೆ ತಂದರು.

ದೇವಸ್ಥಾನದ ದಾರಿ ಬಿಟ್ಟು ಬ್ಯಾಕೋಡಿನ ಆಚೆಗೆ, ಕಟ್ಟಿನಕಾರು, ಕೋಗಾರಿನ ಕಡೆಗೆ ತಿರುಗಿದರೆ ಬೇರೆಯೇ ಲೋಕ. ಈಗ ನಾನು ತುಳಿಯುವುದು ಗೇರಿನ ಸೈಕಲ್ಲು. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹಾಕಿಕೊಂಡರೆ ಅಪ್ಪ ತಳ್ಳುತ್ತಿದ್ದ ಏರುಗಳನ್ನು ಕೂತೇ ಹತ್ತಬಹುದು, ನಡಿಗೆಗಿಂತ ತುಸು ಬೇಗ ಅಷ್ಟೇ. ಡಾಂಬರು ಒಂದು ಗಾಡಿಯ ಅಗಲಕ್ಕಿದೆ. ಕಡಿದಾದ ಕಡೆ ಸಿಮೆಂಟ್ ಹಾಕಿ ಅಡ್ಡಗೀರು ಎಳೆದಿದ್ದಾರೆ, ಮಳೆಯಲ್ಲೂ ಟೈರು ಕಚ್ಚಿಕೊಳ್ಳುತ್ತದೆ. ಒಂದು ಗಂಟೆ ತುಳಿದರೂ ಎದುರಿಗೆ ಬರುವುದು ಒಂದೆರಡು ಬೈಕು, ಗೊನೆ ತುಂಬಿದ ಒಂದು ಪಿಕಪ್ಪು.

ಆದರೆ ಈ ನಿಶ್ಶಬ್ದ ಹಿಂದಿನದಲ್ಲ. ನಡೆಯುವವರು ಇಲ್ಲ. ಮಕ್ಕಳನ್ನು ಶಾಲೆಯ ವ್ಯಾನು ಮನೆಬಾಗಿಲಿಗೇ ಬಂದು ಒಯ್ಯುತ್ತದೆ. ಸಿಲಿಂಡರ್ ಬಂದ ಮೇಲೆ ಸೌದೆಹೊರೆ ಕಾಣುವುದು ಅಪರೂಪ. ಬೇಲಿಬಾಯಿಯ ಉಣುಗೋಲು ಹಾಕಿದ್ದು ಹಾಕಿದಂತೆಯೇ ಇರುವ ಮನೆಗಳಿವೆ. ಮಕ್ಕಳು ಬೆಂಗಳೂರಿನಲ್ಲಿ, ತೋಟ ವಹಿಸಿಕೊಟ್ಟದ್ದು, ವರ್ಷಕ್ಕೊಮ್ಮೆ ದೀಪಾವಳಿಗೆ ಅಂಗಳ ಗುಡಿಸಿದರೆ ಆಯಿತು. ಕಾಲೂರಿ ನಿಲ್ಲಿಸಿ ಯಾರ ಮನೆಯವನು ಎಂದು ಕೇಳುವವರಿಲ್ಲದೆ ನಾನು ಬಲುಬೇಗ ಊರು ದಾಟಿಬಿಡುತ್ತೇನೆ. ಪೇಟೆಯಿಂದ ಗುಂಪಾಗಿ ಬರುವ ಹೊಸ ಸವಾರರು ಇದನ್ನೇ ಮೆಚ್ಚಿ ಫೋಟೊ ತೆಗೆಯುತ್ತಾರೆ. ಅವರು ಬರಲಿ. ಒಂದು ಅಂಗಡಿಯಲ್ಲಿ ಕೂತು ಚಹಾ ಕುಡಿದು, ಅಂಗಡಿಯವರನ್ನು ಮಾತಾಡಿಸಿ ಹೋಗಲಿ ಎನ್ನುವುದು ನನ್ನ ಆಸೆ. ಉಳಿದಿರುವ ಅಂಗಡಿಗಳು ಕಡಿಮೆ.

ಈ ಒಳರಸ್ತೆಗಳನ್ನೂ ಅಗಲ ಮಾಡಬೇಕು ಎಂಬ ಮಾತು ಶುರುವಾಗಿದೆ. ಸೇತುವೆ ದಾಟಿ ಬರುವ ಹೆದ್ದಾರಿ ಅಗಲವಾಗಲಿ, ಒಳಗಿನವು ಬೇಡ. ಧರೆ ಅಗೆದರೆ ಮಳೆಗೆ ಜಂಬಿಟ್ಟಿಗೆ ಮಣ್ಣು ಕುಸಿಯುತ್ತದೆ. ಕುಸಿದದ್ದು ನೇರ ಕೆಳಗಿನ ತೋಟಕ್ಕೆ. ಅಲ್ಲಿ ಬೇಕಾದದ್ದು ಹೂಳು ತೆಗೆದ ಮೋರಿ, ತಿರುವಿನಲ್ಲಿ ಸವರಿದ ಗಿಡಗಂಟಿ, ಡಾಂಬರಿನ ಅಂಚಿಗೆ ತುಂಬಿದ ಮಣ್ಣು. ಈಗ ಆ ಅಂಚು ಗೇಣುದ್ದ ಕೆಳಗಿದೆ. ಎದುರಿನ ಪಿಕಪ್ಪಿಗೆ ದಾರಿ ಬಿಡಲು ಚಕ್ರ ಇಳಿಸಿದರೆ ಬೀಳುವುದು ಖಂಡಿತ, ಬಿದ್ದವರಿದ್ದಾರೆ.

ಹೋಗುವವರಿಗೆ ನಾನು ಹೇಳುವ ದಾರಿ ಇದು. ನಸುಕಿನಲ್ಲಿ ಸಾಗರ ಬಿಟ್ಟು ಆವಿನಹಳ್ಳಿ ಮೇಲೆ ಬಂದು, ಕಾರುಗಳು ಏಳುವ ಮೊದಲೇ ಸೇತುವೆ ದಾಟಬೇಕು. ತುಮರಿ, ಬ್ಯಾಕೋಡು ಕಳೆದು ಒಳರಸ್ತೆಯಲ್ಲಿ ಹಲ್ಕೆಗೆ ಹೋದರೆ ಅಲ್ಲಿಂದ ಮುಪ್ಪಾನೆಗೆ ಲಾಂಚಿದೆ. ಮುಪ್ಪಾನೆಯಿಂದ ಕಾಡಿನ ನಡುವೆ ಕಾರ್ಗಲ್, ಜೋಗ, ತಾಳಗುಪ್ಪ, ಮತ್ತೆ ಸಾಗರ. ಜೋಗದಿಂದ ಮುಂದೆ ಮಧ್ಯಾಹ್ನ ಲಾರಿ, ಬಸ್ಸು ಇದ್ದೇ ಇರುತ್ತವೆ, ಎಡ ಬಿಟ್ಟು ಕದಲಬಾರದು. ನೀರು ಕಡಿಮೆಯಾದ ಬೇಸಿಗೆಯಲ್ಲಿ ಮುಪ್ಪಾನೆ ಲಾಂಚನ್ನು ನಂಬುವಂತಿಲ್ಲ, ಬ್ಯಾಕೋಡಿನಲ್ಲಿ ವಿಚಾರಿಸಿಯೇ ಮುಂದೆ ಹೊರಡಿ.