ನಾಲ್ಕು ಶೂಟೌಟ್, ಒಂದು ಫೋನು

ನಮ್ಮ ಹಾಸ್ಟೆಲ್‌ನಲ್ಲಿ ಇಟಲಿ ಫುಟ್ಬಾಲ್ ಬಗ್ಗೆ ಮಾತಾಡೋಕೆ ಜನರನ್ನ ಹುಡುಕಬೇಕಾಗಿಲ್ಲ. ರಾತ್ರಿ ಹನ್ನೊಂದಕ್ಕೆ ಯಾರೋ ಕೆಟಲ್‌ನಲ್ಲಿ ಮ್ಯಾಗಿ ಹಾಕ್ತಾರೆ, ಇನ್ಯಾರೋ 2022-23ರ ಸೀಸನ್ ತೆಗೀತಾರೆ. ನಾಪೋಲಿ 33 ವರ್ಷದ ಮೇಲೆ ಲೀಗ್ ಗೆದ್ದದ್ದು, ಇಂಟರ್, ರೋಮಾ, ಫಿಯೊರೆಂಟಿನಾ ಮೂರೂ ಯುರೋಪಿನ ಮೂರು ಫೈನಲ್‌ಗೆ ಹೋಗಿ ಮೂರೂ ಸೋತದ್ದು, ವರ್ಲ್ಡ್ ಕಪ್ ನಡೀತಿದ್ರೂ ಇಟಲಿ ಟೀಮು ಮನೇಲೇ ಕೂತಿದ್ದು. ನಾನೂ ಎಲ್ಲರಿಗಿಂತ ಜೋರಾಗಿ ಕೂಗ್ತೀನಿ.

ಹೋದ ತಿಂಗಳು ಹೀಗೇ ಕೂಗಾಡ್ತಿರುವಾಗ ಸುಮ್ಮನೆ ಒಂದು ಪ್ರಶ್ನೆ ಎಸೆದೆ. "ಅದೇ ಸೀಸನ್‌ನಲ್ಲಿ ಇನ್ನೊಂದು ಟೀಮು 54 ವರ್ಷದ ಮೇಲೆ ಕಪ್ ಗೆದ್ದಿತ್ತು, ಯಾವುದು ಹೇಳಿ?" ಯಾರೋ ಜರ್ಮನಿ ಅಂದ, ಯಾರೋ ಟರ್ಕಿ ಅಂದ. ಉತ್ತರ ಕರ್ನಾಟಕ. ಯಾರಿಗೂ ಗೊತ್ತಿರಲಿಲ್ಲ. ನಾನು ಬೈಯೋ ಹಾಗಿಲ್ಲ. ಗೆದ್ದ ಮರುದಿನ ನನಗೂ ಗೊತ್ತಿರಲಿಲ್ಲ.

ನಮ್ಮೂರು ಇಂಡಿ. ನಿಂಬೆಹಣ್ಣಿನ ಊರು ಅಂದ್ರೆ ನಿಮಗೆ ಗೊತ್ತಾಗಬಹುದು. ನಮಗೆ ಸೋಲಾಪುರ ಹತ್ತಿರ, ಬೆಂಗಳೂರು ಒಂದು ಇಡೀ ರಾತ್ರಿಯ ದಾರಿ. ಅಲ್ಲಿ ಹುಡುಗರು ಕಬಡ್ಡಿ ಆಡ್ತಾರೆ, ಕ್ರಿಕೆಟ್ ಆಡ್ತಾರೆ. ಫುಟ್ಬಾಲ್ ಅನ್ನೋದು ನಮಗೆ ಫೋನಿನೊಳಗಿನ ಆಟ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಯುರೋಪಿನ ಟೀಮುಗಳೇ ಮೊದಲು ಗೊತ್ತಾದವು. ನನ್ನ ದೋಸ್ತ ಕನ್ನಡ ಮೀಡಿಯಂನವನು, ಪಿಯುಸಿಯಲ್ಲಿ ನನ್ನ ಬೆಂಚಿಗೆ ಬಂದ. ಅವನು ಬೆಂಗಳೂರು ಎಫ್‌ಸಿ ಫ್ಯಾನು. ಅದರಲ್ಲೂ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಅಂದ್ರೆ ಪ್ರಾಣ. ಎಲ್ಲರೂ ಸುನಿಲ್ ಛೆಟ್ರಿ ಅಂದ್ರೆ ಇವನೊಬ್ಬ ಗುರುಪ್ರೀತ್ ಅಂತಿದ್ದ.

ಸೆಕೆಂಡ್ ಪಿಯು ಅಂತ ಅಪ್ಪ ನನ್ನ ಫೋನು ಕಸಿದು ಟ್ರೆಜರಿಯಲ್ಲಿ ಇಟ್ಟಿದ್ರು. ಹಾಗಾಗಿ ಆ ವರ್ಷ ನೋಡಿದ್ದೆಲ್ಲ ದೋಸ್ತನ ಫೋನಿನಲ್ಲಿ, ಅವರ ನಿಂಬೆ ತೋಟದ ಪಂಪ್‌ಸೆಟ್ ಕಟ್ಟೆಯ ಮೇಲೆ ಕೂತು, ಇಯರ್‌ಫೋನು ಅವನ ಕಿವಿಗೊಂದು ನನ್ನ ಕಿವಿಗೊಂದು. ಸೆಪ್ಟೆಂಬರ್ 2022ರಲ್ಲಿ ಬೆಂಗಳೂರು ಮುಂಬೈ ಸಿಟಿಯನ್ನ 2-1ರಿಂದ ಸೋಲಿಸಿ ಡುರಾಂಡ್ ಕಪ್ ಗೆದ್ದಿತು. ಆಮೇಲೆ ಐಎಸ್‌ಎಲ್‌ನಲ್ಲಿ ಸಾಲುಸಾಲು ಸೋಲು. ನಾನು ನಗ್ತಿದ್ದೆ. ಅವನು "ತಡಿಯಲೇ" ಅಂತಿದ್ದ. ತಡೆದಿದ್ದಕ್ಕೆ ಲೀಗಿನ ಕೊನೆಯ ಎಂಟು ಮ್ಯಾಚೂ ಗೆದ್ದು ಪ್ಲೇಆಫ್‌ಗೆ ಬಂದ್ರು.

ಮಾರ್ಚ್ 3ರ ರಾತ್ರಿ ನಿಮಗೆ ನೆನಪಿರಬಹುದು. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಜೊತೆ ಪ್ಲೇಆಫ್, ಎಕ್ಸ್‌ಟ್ರಾ ಟೈಮ್. ಕೇರಳದವರು ಗೋಡೆ ಕಟ್ಟೋ ಮೊದಲೇ ಛೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿಬಿಟ್ಟ. ಕೇರಳದ ಕೋಚ್ ಟೀಮನ್ನ ಕರ್ಕೊಂಡು ಮೈದಾನದಿಂದ ಹೊರಗೇ ಹೋದ್ರು. ಸರಿನಾ ತಪ್ಪಾ ಅಂತ ನಾವಿಬ್ರೂ ಮನೆಗೆ ಹೋಗೋ ತನಕ ಜಗಳ.

ಮರುದಿನ ಮಾರ್ಚ್ 4. ಪರೀಕ್ಷೆಗೆ ಐದೇ ದಿನ ಇತ್ತು, ನಾನು ಮನೆಯಲ್ಲಿ ಫಿಸಿಕ್ಸ್ ಹಿಡಿದು ಕೂತಿದ್ದೆ. ದೋಸ್ತ ಒಬ್ಬನೇ ಇನ್ನೊಂದು ಮ್ಯಾಚ್ ನೋಡಿದ್ದ. ಬೆಳಿಗ್ಗೆ ಸಿಕ್ಕಾಗ ಅವನ ಮುಖ ಹಬ್ಬದ ಮನೆಯಂಗಿತ್ತು.

"ಸಂತೋಷ್ ಟ್ರೋಫಿ ನಮ್ದ ಲೇ! 54 ವರ್ಷ ಆಗಿತ್ತು!"

"ಸಂತೋಷ್ ಟ್ರೋಫಿನಾ? ಅದು ಇನ್ನೂ ನಡೀತದೇನು?" ಅಂದೆ ನಾನು.

ಅವನು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಕೇಳಿದ, "ನಾಪೋಲಿ ಗೋಲ್‌ಕೀಪರ್ ಯಾರು?" ಮೆರೆಟ್ ಅಂದೆ ತಕ್ಷಣ. "ನಿನ್ನೆ ಕರ್ನಾಟಕಕ್ಕ ಗೋಲ್ ಹೊಡದ ಒಬ್ಬಂದರ ಹೆಸರು ಹೇಳು ನೋಡೋಣ." ನಾನು ನೆಲ ನೋಡಿದೆ.

ಹೆಸರುಗಳನ್ನ ಅವನೇ ಹೇಳಿದ: ಎಂ. ಸುನಿಲ್ ಕುಮಾರ್, ಬೇಕಿ ಓರಾಮ್, ರಾಬಿನ್ ಯಾದವ್. ಗೊತ್ತಿಲ್ಲದವರಿಗೆ ಹೇಳ್ತೀನಿ, ಸಂತೋಷ್ ಟ್ರೋಫಿ ಅಂದ್ರೆ 1941ರಿಂದ ನಡೀತಿರೋ ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್. ಆ ವರ್ಷದ ಫೈನಲ್ ಸೌದಿಯ ರಿಯಾದ್‌ನಲ್ಲಿತ್ತು, ಮೇಘಾಲಯವನ್ನ ನಮ್ಮವರು 3-2ರಿಂದ ಸೋಲಿಸಿದ್ರು. ಹಿಂದೆ ನಾಲ್ಕು ಸಲ ಗೆದ್ದಾಗಲೂ ರಾಜ್ಯದ ಹೆಸರು ಮೈಸೂರು. ಕೊನೆಯದು 1968-69ರದ್ದು. ಅಂದ್ರೆ 'ಕರ್ನಾಟಕ' ಅನ್ನೋ ಹೆಸರಿನಲ್ಲಿ ಗೆದ್ದದ್ದು ಇದೇ ಮೊದಲು. ದೋಸ್ತ ಇನ್ನೂ ಒಂದು ಲೆಕ್ಕ ಹಾಕಿದ್ದ. ನಾಲ್ಕರಲ್ಲಿ ಮೊದಲ ಎರಡು ಗೆದ್ದಾಗ ನಮ್ಮ ವಿಜಯಪುರ ಜಿಲ್ಲೆ ಮುಂಬೈಗೆ ಸೇರಿತ್ತು. "ಅವೆರಡು ನಮ್ಮವಲ್ಲ, ಇದು ಮಾತ್ರ ಪೂರಾ ನಮ್ದು" ಅಂದ. ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಅವತ್ತು ಆ ವಿಷಯ ಗೊತ್ತಿದ್ದವನು ಬಹುಶಃ ಅವನೊಬ್ಬನೇ.

ಮಾರ್ಚ್ 9ಕ್ಕೆ ಪರೀಕ್ಷೆ ಶುರು. ಮಾರ್ಚ್ 12ಕ್ಕೆ ಮುಂಬೈ ಸಿಟಿ ಜೊತೆ ಸೆಮಿಫೈನಲ್, ಪೆನಾಲ್ಟಿಯಲ್ಲಿ 9-8. ಗುರುಪ್ರೀತ್ ಒಂದನ್ನ ತಡೆದ, ನಾವು ಗೆದ್ವಿ. ಮಾರ್ಚ್ 18ಕ್ಕೆ ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ಜೊತೆ ಫೈನಲ್, 2-2, ಮತ್ತೆ ಪೆನಾಲ್ಟಿ. ಈ ಸಲ ಗುರುಪ್ರೀತ್ ಒಂದನ್ನೂ ತಡೆಯೋಕಾಗಲಿಲ್ಲ. 4-3ರಿಂದ ಸೋತ್ವಿ. ದೋಸ್ತ ಇಯರ್‌ಫೋನು ಸುತ್ತಿ ಜೇಬಿಗೆ ಹಾಕಿಕೊಂಡು, "ನಡಿ, ಓದಬೇಕು" ಅಂದ.

ಏಪ್ರಿಲ್ 21ಕ್ಕೆ ರಿಸಲ್ಟ್ ಬಂತು. ನಾನು ಪಾಸು. ಅವನದು ಫಿಸಿಕ್ಸ್ ಹೋಗಿತ್ತು.

ಇದನ್ನ ಬರೆಯೋಕೆ ನನಗೆ ಕಷ್ಟ ಆಗ್ತಿದೆ. ನಾನು ಅವನ ಮನೆಗೆ ಹೋಗಲಿಲ್ಲ. ಹೋದ್ರೆ ಏನು ಹೇಳೋದು ಅಂತ ಗೊತ್ತಾಗಲಿಲ್ಲ, ಇವತ್ತು ಬೇಡ ನಾಳೆ ಅಂದೆ. ಆಮೇಲೆ ಸಿಇಟಿ ಇದೆ ಅಂದೆ. ಸಿಇಟಿ ಮುಗಿದ ಮೇಲೂ ಹೋಗಲಿಲ್ಲ. ನನ್ನ ಫೋನು ವಾಪಸ್ ಬಂದಿತ್ತು. ಮೇ 4ರ ಮಧ್ಯರಾತ್ರಿ ದಾಟಿದ ಮೇಲೆ ನಾಪೋಲಿ ಉಡಿನೆಯಲ್ಲಿ 1-1 ಡ್ರಾ ಮಾಡಿ ಲೀಗ್ ಗೆದ್ದಿತು. ವರ್ಷಪೂರ್ತಿ ನಾನು ಕಾದಿದ್ದ ರಾತ್ರಿ ಅದು. ಎರಡೂ ಇಯರ್‌ಫೋನು ನನ್ನ ಕಿವಿಯಲ್ಲೇ ಇದ್ವು. ಯಾರಿಗೆ ಹೇಳಲಿ ಅಂತ ಕಾಂಟ್ಯಾಕ್ಟ್ ಲಿಸ್ಟ್ ತೆಗೆದೆ, ಅವನ ಹೆಸರಿನ ತನಕ ಬಂದೆ, ಫೋನು ಆಫ್ ಮಾಡಿ ಮಲಗಿದೆ.

ಜೂನ್ 21ಕ್ಕೆ ಅವನೇ ಮನೆ ಮುಂದೆ ಬಂದು ನಿಂತ. ಬೆಂಗಳೂರಿನಲ್ಲಿ ಸ್ಯಾಫ್ ಚಾಂಪಿಯನ್‌ಶಿಪ್ ಶುರು, ಮೊದಲ ದಿನವೇ ಪಾಕಿಸ್ತಾನ. "ಮ್ಯಾಚ್ ಅದ, ಬರ್ತಿಯೋ ಇಲ್ಲೋ?" ಎರಡು ತಿಂಗಳ ಬಗ್ಗೆ ಒಂದು ಮಾತಿಲ್ಲ. ಹೋದೆ. ಮಳೆಯಲ್ಲಿ ಭಾರತ 4-0, ಛೆಟ್ರಿ ಹ್ಯಾಟ್ರಿಕ್. ಜುಲೈ 1ಕ್ಕೆ ಸೆಮಿಫೈನಲ್, ಲೆಬನಾನ್ ವಿರುದ್ಧ ಶೂಟೌಟ್, ಮೊದಲ ಒದೆತವನ್ನೇ ಗುರುಪ್ರೀತ್ ತಡೆದ. ಜುಲೈ 4ಕ್ಕೆ ಕುವೈತ್ ಜೊತೆ ಫೈನಲ್, 1-1, ಮತ್ತೆ ಶೂಟೌಟ್. ಐದೈದು ಒದೆತ ಮುಗಿದ್ರೂ ಸಮ. ಆರನೆಯದನ್ನ ನವೋರೆಮ್ ಮಹೇಶ್ ಗೋಲು ಮಾಡಿದ. ಕುವೈತ್‌ನವನು ಒದ್ದಾಗ ಗುರುಪ್ರೀತ್ ಎಡಕ್ಕೆ ಹಾರಿ ಹೊರಗೆ ತಳ್ಳಿದ. 5-4. ಭಾರತಕ್ಕೆ ಒಂಬತ್ತನೇ ಸ್ಯಾಫ್ ಕಪ್. ಕಂಠೀರವ ಪೂರ್ತಿ ಎದ್ದು ನಿಂತಿತ್ತು, ಇಲ್ಲಿ ಪಂಪ್‌ಸೆಟ್ ಕಟ್ಟೆ ಮೇಲೆ ನಾವಿಬ್ರೂ.

ನಾನಿನ್ನೂ ಕಿರುಚ್ತಾ ಇದ್ದೆ. ಅವನು ನಿಧಾನಕ್ಕೆ ಹೇಳಿದ, "ಮಾರ್ಚ್‌ನಾಗ ಸೋತ ಕೈ ಇವ ನೋಡಲೇ. ಗುರುಪ್ರೀತ್‌ಗೂ ಸಪ್ಲಿಮೆಂಟರಿ ಕೊಟ್ರು, ಪಾಸ್ ಆದ."

ಇಬ್ರೂ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ. ಸಪ್ಲಿಮೆಂಟರಿಯಲ್ಲೂ ಅವನ ಫಿಸಿಕ್ಸ್ ಆಗಿಲ್ಲ ಅಂತ ಅವತ್ತೇ ಗೊತ್ತಾಯ್ತು. ನಾನು ಕೇಳಿರಲೇ ಇಲ್ಲ.

ಇನ್ನೊಂದು ಸಲ ಕಟ್ಟಿ ಅವನು ಪಾಸಾದ. ಈಗ ವಿಜಯಪುರದಲ್ಲಿ ಬಿಎಸ್ಸಿ, ರಜೆಯಲ್ಲಿ ತೋಟ. ನಾನು ಇಲ್ಲಿ ಬೆಂಗಳೂರಿನಲ್ಲಿ. ಮೊದಲ ಸೆಮಿಸ್ಟರ್‌ನಲ್ಲೇ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಕಂಠೀರವಕ್ಕೆ ಹೋದೆ. ಗೋಲ್‌ಪೋಸ್ಟ್ ಹಿಂದಿನ ಸ್ಟ್ಯಾಂಡಿನಿಂದ ವಿಡಿಯೋ ಕಾಲ್ ಮಾಡಿ ಗುರುಪ್ರೀತ್‌ನ ತೋರಿಸಿದೆ. "ಕ್ಯಾಮೆರಾ ಅಲುಗಾಡಿಸಬ್ಯಾಡ" ಅಂತ ಬೈದ. ತೊಂಬತ್ತು ನಿಮಿಷ ಕೈ ಎತ್ತಿ ಹಿಡಿದುಕೊಂಡೇ ನಿಂತಿದ್ದೆ. ಮರುದಿನ ಲ್ಯಾಬ್‌ನಲ್ಲಿ ಭುಜ ನೋಯ್ತಿತ್ತು.

ಗೆದ್ದವರ ಹೆಸರು ಗೊತ್ತಿಲ್ಲದ್ದಕ್ಕೆ ನನಗೆ ನಾಚಿಕೆ ಆಗಿದ್ದು ನಿಜ, ಆದ್ರೆ ಅದು ಕಲಿತ್ರೆ ಹೋಗುತ್ತೆ. ಆ ಎರಡು ತಿಂಗಳು ಹಾಗೆ ಹೋಗೋದಲ್ಲ. ಅದರ ಬಗ್ಗೆ ನಾನು ಅವನಿಗೆ ಇವತ್ತಿನವರೆಗೂ ಏನೂ ಹೇಳಿಲ್ಲ. ಫೋನಿನಲ್ಲಿ ಮಾತು ಶುರು ಮಾಡ್ತೀನಿ, ಅದು ಆಫ್‌ಸೈಡ್ ಗೋಲಿಗೆ ಹೋಗಿ ನಿಲ್ಲುತ್ತೆ. ಅದಕ್ಕೇ ಇಲ್ಲಿ ಬರೆದಿದ್ದೀನಿ. ನನ್ನ ಕನ್ನಡದಲ್ಲಿ ತಪ್ಪು ಇದ್ರೆ ಅವನೇ ಮೊದಲು ಹಿಡೀತಾನೆ. ಮುಂದಿನ ಸೀಸನ್‌ಗೆ ಎರಡು ಟಿಕೆಟ್ ತಗೋತೀನಿ, ಗೋಲ್‌ಪೋಸ್ಟ್ ಹಿಂದೆಯೇ. ಬರ್ತಿಯೋ ಇಲ್ಲೋ?