ಮಾರುವ ಮನೆಗೆ ಬಣ್ಣ ಬಳಿಯುವ ಮುನ್ನ

ಮಾರುವುದಕ್ಕೆಂದೇ ಕೊಂಡ ಮನೆಗೆ ಎಷ್ಟು ಖರ್ಚು ಮಾಡಬೇಕು? ಪಿಎಚ್‌ಡಿಯ ನಾಲ್ಕನೇ ವರ್ಷದಲ್ಲಿ ಈ ಪ್ರಶ್ನೆ ನನಗೆ ಎದುರಾಯಿತು. ಸೋದರಮಾವ ಮೈಸೂರಿನಲ್ಲಿ ಎಪ್ಪತ್ತರ ದಶಕದ ಮನೆಯೊಂದನ್ನು ಕೊಂಡಿದ್ದರು. ದುರಸ್ತಿ ಮಾಡಿಸಿ ವರ್ಷದೊಳಗೆ ಮಾರುವ ಯೋಚನೆ. ಫೆಲೋಶಿಪ್‌ನಲ್ಲಿ ಉಳಿಸಿದ ಎರಡು ಲಕ್ಷವನ್ನು ನಾನೂ ಹಾಕಿದ್ದೆ. ಹಾಗಾಗಿ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಈ ವ್ಯಾಪಾರ ಶುರುವಾಗುವುದೇ ಕೈಯಿಂದ ಹೋದ ದುಡ್ಡಿನಿಂದ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕವೇ ಶೇ. 5; ಅದರ ಮೇಲೆ ನೋಂದಣಿ ಶುಲ್ಕ, ಸೆಸ್ಸು. ಸಾಲದ ಬಡ್ಡಿ ಬೇರೆ. ಇನ್ನು ಬೀದಿಗೊಂದು ದರವಿರುತ್ತದೆ: ಎಷ್ಟೇ ಚಂದದ ಅಡುಗೆಮನೆ ಮಾಡಿಸಿದರೂ ಅಕ್ಕಪಕ್ಕದ ಮನೆಗಳು ಹೋದ ಬೆಲೆಗಿಂತ ನಮ್ಮದು ತುಂಬ ಮೇಲೇರದು. ಮಾಡ್ಯುಲರ್ ಕಿಚನ್ ಅಲ್ಲಿಗೆ ಪಟ್ಟಿಯಿಂದ ಹೊರಬಿತ್ತು.

ಜಟಾಪಟಿ ನಡೆದದ್ದು ಸೋರುವ ತಾರಸಿಯ ಬಗ್ಗೆ.

"ಪುಟ್ಟಿ ಹೊಡೆದು ಬಣ್ಣ ಬಳಿಸಿದ್ರೆ ಮಳೆಗಾಲದವರೆಗೂ ಗೊತ್ತಾಗಲ್ಲ ಕಣೋ. ನೆಲಕ್ಕೆ ಟೈಲ್ಸ್ ಹಾಕಿಸೋಣ. ಕೊಳ್ಳೋರು ನೆಲ ನೋಡ್ತಾರೆ, ಪೈಪ್ ಯಾರು ನೋಡ್ತಾರೆ?" ಅಂದರು ಮಾವ.

ಮಾತು ಸುಳ್ಳಲ್ಲ. ಆದರೆ ಸೋರುವ ನೀರು ಒಳಗಿನ ಕಬ್ಬಿಣ ಮುಟ್ಟಿದರೆ ತುಕ್ಕು ಉಬ್ಬಿ ಕಾಂಕ್ರೀಟೇ ಬಿರಿಯುತ್ತದೆ. ಹಳೆಯ ಜಿಐ ಪೈಪು ತುಕ್ಕು ಹಿಡಿದು ಒಳಗೇ ಕಟ್ಟಿಕೊಳ್ಳುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಗೀಸರ್ ಕೆಟ್ಟರೆ ಜೀವಕ್ಕೇ ಅಪಾಯ. ಇವ್ಯಾವುವೂ ಫೋಟೋದಲ್ಲಿ ಕಾಣುವುದಿಲ್ಲ.

"ಆ ಮನೆಗೆ ಅಮ್ಮನೇ ವಾಸಕ್ಕೆ ಹೋಗ್ತಾಳೆ ಅಂದ್ಕೊಳ್ಳಿ ಮಾವ. ಮೊದಲು ಯಾವುದು ಮಾಡಿಸ್ತೀರಿ?"

ಅವರು ಉತ್ತರ ಕೊಡಲಿಲ್ಲ. ಮರುದಿನ ವಾಟರ್‌ಪ್ರೂಫಿಂಗ್ ಮಾಡುವವರಿಗೆ ಫೋನ್ ಮಾಡಿದರು.

ತಾರಸಿ, ಪೈಪು, ವೈರಿಂಗ್ ಮುಗಿಯುವಷ್ಟರಲ್ಲಿ ಟೈಲ್ಸ್‌ಗೆ ದುಡ್ಡು ಉಳಿಯಲಿಲ್ಲ. ಹಳೆಯ ರೆಡ್ ಆಕ್ಸೈಡ್ ನೆಲವನ್ನೇ ಉಜ್ಜಿ ತೊಳೆಸಿ ಪಾಲಿಶ್ ಮಾಡಿಸಿದೆವು. ಅದೂ ಒಳ್ಳೆಯದೇ ಆಯಿತು. ಅಂಥ ನೆಲವನ್ನು ನುಣ್ಣಗೆ ತೀಡಬಲ್ಲ ಗಾರೆಯವರು ಈಗ ಸುಲಭಕ್ಕೆ ಸಿಗುವುದಿಲ್ಲ; ಟೈಲ್ಸ್ ಯಾವಾಗ ಬೇಕಾದರೂ ಹಾಕಿಸಬಹುದು.

ಮನೆ ಹತ್ತನೇ ತಿಂಗಳಲ್ಲಿ ಹೋಯಿತು. ಲಾಭ ಮಾವ ಎಣಿಸಿದ್ದರ ಅರ್ಧದಷ್ಟೂ ಬರಲಿಲ್ಲ. ನನ್ನ ಎರಡು ಲಕ್ಷ ಹದಿನೆಂಟು ಸಾವಿರ ಸೇರಿಸಿಕೊಂಡು ವಾಪಸಾಯಿತು. ನೋಂದಣಿಯ ದಿನ ಕೊಂಡವರ ಕೈಗೆ ದುರಸ್ತಿಯ ಬಿಲ್ಲುಗಳ ಫೈಲು ಕೊಟ್ಟೆ. ಅವರು ತಿರುವಿಯೂ ನೋಡಲಿಲ್ಲ.

ಮಳೆಗಾಲ ಬಂತು. ಒಂದು ರಾತ್ರಿ ಮೈಸೂರಿನಲ್ಲಿ ಧಾರಾಕಾರ ಮಳೆ. ಹಾಸ್ಟೆಲ್ ಕಿಟಕಿ ಮುಚ್ಚಿ, ಯಾರ ಫೋನಿಗೂ ಹೆದರದೆ, ಮಲಗಿದೆ.