ಶಾಪಾಶಯವಿಲ್ಲದ ಎಲ್ಲೆಗಳು

ಲಿಂಗಸುಗೂರಿನ ನಮ್ಮ ಎರೆನೆಲಕ್ಕೂ ಕಡಲಿಗೂ ಬಹುದೂರ. ಆದರೂ ದಾನಶಾಸನಗಳನ್ನು ಪಾಠ ಮಾಡುವಾಗ ಈಚೆಗೆ ನನಗೆ ಕರಾವಳಿ ನೆನಪಾಗುತ್ತದೆ. ಬಸದಿಗೋ ಕೆರೆಗೋ ಭೂಮಿ ಬಿಟ್ಟ ಶಾಸನವು ಅದರ ಚತುಸ್ಸೀಮೆಯನ್ನು ಹೇಳಿ, ಕೊನೆಯಲ್ಲಿ, ಅದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುವುದೆಂದು ಎಚ್ಚರಿಸುತ್ತದೆ. ಈ ಶಾಪಾಶಯವನ್ನು ಓದಿ ವಿದ್ಯಾರ್ಥಿಗಳು ನಗುವುದುಂಟು. ದಾನಿಯಾದರೋ ಒಂದನ್ನು ಚೆನ್ನಾಗಿ ಬಲ್ಲವನಾಗಿದ್ದನು: ಬಿಟ್ಟ ಭೂಮಿಗೆ ಭಯವಿರುವುದು ಮುಂದೆ ಆಳುವವರಿಂದಲೇ.

ನಮ್ಮ ಕಾಲದ ಎಲ್ಲೆಗಳಿಗೆ ಇಂಥ ಕಾವಲಿಲ್ಲ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಗ್ರಾಮೀಣ ತೀರದಲ್ಲಿ ಉಬ್ಬರದ ರೇಖೆಯಿಂದ 200 ಮೀಟರ್‌ವರೆಗಿನ ಪಟ್ಟಿಯನ್ನು ಅಭಿವೃದ್ಧಿನಿಷಿದ್ಧವೆಂದು ಸಾರಿತ್ತು. 2019ರ ಅಧಿಸೂಚನೆಯು ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಪ್ರದೇಶಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ನಿಷಿದ್ಧ ಪಟ್ಟಿಯೊಳಗೂ, ರೇಖೆಯಿಂದ 10 ಮೀಟರ್ ಬಿಟ್ಟು, ಪ್ರವಾಸಿಗರಿಗಾಗಿ ತಾತ್ಕಾಲಿಕ ಸೌಕರ್ಯಗಳಿಗೆ ಅವಕಾಶವಿತ್ತಿತು. ಮೀನುಗಾರರು ಮೀನು ಒಣಗಿಸುವುದೂ, ಹೊನ್ನಾವರದ ಕಾಸರಕೋಡಿನಂಥ ಕಡೆ ಕಡಲಾಮೆ ಮೊಟ್ಟೆಯಿಡುವುದೂ ತೀರದ ಮರಳಿನಲ್ಲಿಯೇ.

ಪ್ರವಾಸಿಗರು ಬರಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಒಂದು ಅಧಿಸೂಚನೆ ಕೊಟ್ಟ ರಕ್ಷಣೆಯನ್ನು ಎಂಟೇ ವರ್ಷಗಳಲ್ಲಿ ಇನ್ನೊಂದು ಅಧಿಸೂಚನೆ ಮೊಟಕುಗೊಳಿಸಿದರೆ ಆ ಮರಳನ್ನು ನಂಬಿದವರು ಯಾವ ಎಲ್ಲೆಯನ್ನು ನೆಚ್ಚಬೇಕು? ತಾನು ಕೊಡುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಕಾಯುವುದೇ ಮಿಗಿಲೆಂದು ಶಾಸನಗಳು ಅರಸರಿಗೆ ಮತ್ತೆ ಮತ್ತೆ ಹೇಳಿದವು.